ಅಂಚೆ ಖಾತೆ

ಬೊಬ್ಲಿಂಗೆನ್
೯ ಫೆಬ್ರವರಿ ೨೦೨೫

ಪ್ರೀತಿಯ ಬಾಯಿಅಜ್ಜಿಗೆ,

ಧೃತಿಯ ನಮಸ್ಕಾರ. ಲಕೋಟೆ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ವಾಟ್ಸಾಪಿನಲ್ಲಿ ಹೇಳಬಹುದಾದದ್ದನ್ನು ಕಾಗದದ ಮೇಲೆ ಬರೆಯುವುದಕ್ಕೆ ಒಂದು ಕಾರಣವಿದೆ. ನಾನು ಮಂತ್ರಿಯಾಗಿದ್ದೇನೆ.

ನಮ್ಮ ಇತಿಹಾಸದ ಟೀಚರ್ ಫ್ರೌ ಬ್ರೆಸ್ಲಿನ್ ಐರ್ಲೆಂಡಿನವರು; ಫ್ರೌ ಅಂದರೆ ಶ್ರೀಮತಿ. ಇಲ್ಲಿಯವರನ್ನು ಮದುವೆಯಾಗಿ ಇಪ್ಪತ್ತು ವರ್ಷ ಆಗಿದೆ, ಆದರೂ ಅವರು ಜರ್ಮನ್ ಮಾತಾಡಿದರೆ ಹಾಡು ಹೇಳಿದ ಹಾಗಿರುತ್ತದೆ. ಈ ಸಲ ಅವರು ಪಠ್ಯಪುಸ್ತಕ ಮುಚ್ಚಿಡಿಸಿ, ಬೇಸಿಗೆ ರಜೆಯವರೆಗೆ ನಾವು ಒಂದು ಸರ್ಕಾರ ನಡೆಸಬೇಕು ಎಂದರು. ಬ್ರಿಟಿಷರ ಕೈಯಿಂದ ಆಗಷ್ಟೇ ಬಿಡಿಸಿಕೊಂಡ ೧೯೨೨ರ ಐರ್ಲೆಂಡಿನ ಸರ್ಕಾರ. ಕ್ಲಾಸಿನ ಒಂಬತ್ತು ಜನ ಸಚಿವ ಸಂಪುಟ, ಉಳಿದ ಹದಿನೈದು ಜನ ಪ್ರಜೆಗಳು. ತಿಂಗಳಿಗೆ ಎರಡು ಬುಧವಾರ ಸಂಪುಟ ಸೇರುತ್ತದೆ. ಆ ವರ್ಷ ನಿಜವಾಗಿ ಎದುರಾದ ಒಂದು ಕಷ್ಟವನ್ನು ಫ್ರೌ ಬ್ರೆಸ್ಲಿನ್ ಲಕೋಟೆಯಲ್ಲಿ ತರುತ್ತಾರೆ. ನಾವು ತೀರ್ಮಾನ ಮಾಡಿದ ಮೇಲೆ, ಆಗಿನವರು ಏನು ಮಾಡಿದರು ಎಂದು ಹೇಳುತ್ತಾರೆ.

ಯಾರಿಗೆ ಯಾವ ಖಾತೆ ಎನ್ನುವುದನ್ನು ಅವರ ಉಲ್ಲನ್ ಟೋಪಿಯಿಂದ ಚೀಟಿ ಎತ್ತಿ ಆರಿಸಿದೆವು. ನನಗೆ ವಿದೇಶಾಂಗ ಬೇಕಿತ್ತು, ಗೃಹ ಸಿಕ್ಕಿದ್ದರೂ ಪರವಾಗಿರಲಿಲ್ಲ. ಯೋನಾಸ್ ಅಧ್ಯಕ್ಷನಾದ. ಫುಟ್‌ಬಾಲ್ ಬಿಟ್ಟರೆ ಬೇರೆ ಮಾತಿಲ್ಲದ ಹುಡುಗನಿಗೆ ರಕ್ಷಣೆ ಬಂತು. ನನ್ನ ಚೀಟಿಯಲ್ಲಿ ಇದ್ದದ್ದು ‘ಅಂಚೆ’. ಎಲ್ಲರೂ ನಕ್ಕರು, ನನ್ನ ಸ್ನೇಹಿತೆ ಎಮಿನೆ ಕೂಡ. ಅವಳಿಗೆ ಖಾಲಿ ಚೀಟಿ ಬಂದಿತ್ತು, ಅಂದರೆ ಅವಳು ಪ್ರಜೆ. ಆದರೂ ನಕ್ಕಳು.

ಪ್ರತಿ ಮಂತ್ರಿಯೂ ತನ್ನ ಇಲಾಖೆಯ ಒಂದು ನಿಜವಾದ ಕೆಲಸ ಮಾಡಬೇಕಂತೆ. ಕೃಷಿ ಮಂತ್ರಿ ಶಾಲೆಯ ತೋಟದಲ್ಲಿ ಆಲೂಗಡ್ಡೆ ಹಾಕುತ್ತಾಳೆ. ನಾನು ನಿಜವಾದ ಪತ್ರ ಬರೆದು, ಉತ್ತರ ತರಿಸಬೇಕು. ಅಂಚೆ ಕಚೇರಿಯಲ್ಲಿ ಬದುಕು ಕಳೆದವರು ನನಗೆ ಗೊತ್ತಿರುವುದು ನೀನೊಬ್ಬಳೇ.

ಇಲ್ಲಿ ನಮ್ಮ ಬಡಾವಣೆಯಲ್ಲಿ ಪೋಸ್ಟ್ ಆಫೀಸಿನ ಕಟ್ಟಡವೇ ಇಲ್ಲ. ಲಾಟರಿ ಟಿಕೆಟ್ಟು, ಸಿಗರೇಟು ಮಾರುವ ಅಂಗಡಿಯ ಹಿಂದೆ ಒಂದು ಕೌಂಟರ್ ಇದೆ, ಅಷ್ಟೇ. ಹೊಸ ದೇಶದ ಅಂಚೆ ಮಂತ್ರಿ ಮೊದಲು ಏನು ಮಾಡಬೇಕು? ಐದನೇ ಕ್ಲಾಸಿಗೆ ಹುಬ್ಬಳ್ಳಿ ಬಿಟ್ಟವಳ ಕನ್ನಡ ಇದು, ನಗಬೇಡ.

ಇಂತಿ,
ಧೃತಿ
ಅಂಚೆ ಮಂತ್ರಿ


ಗದಗ
೨೭ ಫೆಬ್ರವರಿ ೨೦೨೫

ಮಾನ್ಯ ಅಂಚೆ ಮಂತ್ರಿಗಳಿಗೆ,

ನಿವೃತ್ತ ಸಬ್ ಪೋಸ್ಟ್‌ಮಾಸ್ತರ್ ಸುಶೀಲಾಬಾಯಿ ಬರೆದುಕೊಳ್ಳುವುದೇನೆಂದರೆ, ತಮ್ಮ ಪತ್ರ ಹದಿನಾರು ದಿನಕ್ಕೆ ಬಂದು ಮುಟ್ಟಿತು. ಏಳು ಕಾಗುಣಿತದ ತಪ್ಪುಗಳಿದ್ದವು. ಪೆನ್ಸಿಲಿನಲ್ಲಿ ತಿದ್ದಿ ಫೈಲಿನಲ್ಲಿ ಇಟ್ಟಿದ್ದೇನೆ. ನಗಲಿಲ್ಲ. ಮಹಡಿಯ ಮೇಲೆ ಕೂತು ಎರಡು ಸಲ ಓದಿದೆ. ಮೂರನೆಯ ಸಲ ಕೆಳಗಿನ ಟೇಲರ್ ಅಂಗಡಿಯವರಿಗೆ ಗಟ್ಟಿಯಾಗಿ ಓದಿದೆ.

ನಿನ್ನ ಅಮ್ಮ ಶುಭಾ ಚಿಕ್ಕವಳಿದ್ದಾಗ ನಮ್ಮ ಆಫೀಸಿನ ಗೋಂದಿನ ಡಬ್ಬಿಯಲ್ಲಿ ಕೈ ಅದ್ದುತ್ತಿದ್ದಳು. ಅವಳ ಮಗಳು ಅಂಚೆ ಮಂತ್ರಿಯಾದದ್ದು ನ್ಯಾಯವೇ.

ಹುಚ್ಚಿ, ನಿನಗೆ ಸಿಕ್ಕಿದ್ದು ಎಲ್ಲಕ್ಕಿಂತ ದೊಡ್ಡ ಖಾತೆ. ಹೊಸ ಸರ್ಕಾರದ ಸೈನ್ಯ ಎಲ್ಲ ಊರಿಗೂ ಹೋಗಲಾರದು. ವಿದೇಶಾಂಗ ಮಂತ್ರಿಯಂತೂ ಊರೊಳಗೇ ಇರುವುದಿಲ್ಲ. ಅಂಚೆಯವನು ಮಾತ್ರ ದಿನಾ ಎಲ್ಲರ ಮನೆ ಮುಂದೆ ಹೋಗುತ್ತಾನೆ. ಸರ್ಕಾರ ಬದಲಾಗಿದೆ, ಆದರೂ ಅದು ನಡೆಯುತ್ತಿದೆ ಎಂದು ಮೂಲೆಯ ಹಳ್ಳಿಗೆ ಗೊತ್ತಾಗುವುದು ಅವನ ಸೈಕಲ್ಲಿನ ಗಂಟೆಯಿಂದ. ಆದ್ದರಿಂದ ಮೊದಲನೆಯ ಕೆಲಸ ಇದು: ನಿನ್ನ ಡಬ್ಬಿ ಎಲ್ಲಿಯಾದರೂ ಇಡು, ಹೇಗಾದರೂ ಇರಲಿ, ದಿನಾ ಒಂದೇ ಹೊತ್ತಿಗೆ ತೆರೆ. ಒಂದು ದಿನ ತಪ್ಪಿದರೆ ಜನ ಮರೆಯುತ್ತಾರೆ. ಎರಡು ದಿನ ತಪ್ಪಿದರೆ ನಗುತ್ತಾರೆ.

ನಮ್ಮದು ನಾಲ್ಕು ಜನರ ಆಫೀಸು. ನಾನು, ಇಬ್ಬರು ಅಂಚೆಯವರು, ಮತ್ತೆ ಗುಮಾಸ್ತಳಾಗಿ ಗೌರಕ್ಕ ಎಂಬವಳು. ಅವಳು ಹೊಡೆದ ಸೀಲಿನ ತಾರೀಖು ನಾಲ್ಕು ಊರು ದಾಟಿದರೂ ಓದಲು ಬರುತ್ತಿತ್ತು. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ

ಇರಲಿ. ನಿನ್ನ ಸಂಪುಟದ ಸುದ್ದಿ ಬರೆ.

ನಿನ್ನ
ಬಾಯಿಅಜ್ಜಿ


ಬೊಬ್ಲಿಂಗೆನ್
೧೬ ಮಾರ್ಚ್ ೨೦೨೫

ಬಾಯಿಅಜ್ಜಿಗೆ,

ನಿನ್ನ ಪತ್ರವನ್ನು ಕ್ಲಾಸಿನಲ್ಲಿ ಜರ್ಮನ್‌ಗೆ ಮಾಡಿ ಓದಿದೆ. ವಿದೇಶಾಂಗ ಮಂತ್ರಿ ಊರೊಳಗೇ ಇರುವುದಿಲ್ಲ ಎಂಬಲ್ಲಿ ಫ್ರೌ ಬ್ರೆಸ್ಲಿನ್ ಮೇಜು ತಟ್ಟಿದರು. ಈಗ ನನ್ನ ಖಾತೆಗೆ ಸ್ವಲ್ಪ ಮರ್ಯಾದೆ ಬಂದಿದೆ.

ಆ ಹೊಸ ಸರ್ಕಾರ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಬ್ರಿಟಿಷ್ ರಾಜನ ಕೆಂಪು ಅಂಚೆಪೆಟ್ಟಿಗೆಗಳಿಗೆ ಹಸಿರು ಬಣ್ಣ ಬಳಿದದ್ದಂತೆ. ಪೆಟ್ಟಿಗೆ ಅದೇ, ಅದರ ಮೇಲಿನ ರಾಜನ ಗುರುತೂ ಅದೇ, ಬಣ್ಣ ಮಾತ್ರ ಬೇರೆ. ನಾನೂ ಕ್ರಾಫ್ಟ್ ರೂಮಿನಿಂದ ಒಂದು ಮರದ ಪೆಟ್ಟಿಗೆ ತಂದು ಹಸಿರು ಬಳಿದು ಕಾರಿಡಾರಿನಲ್ಲಿ ನೇತುಹಾಕಿದೆ. ಎರಡು ಗಂಟೆಯೊಳಗೆ ಹೌಸ್‌ಮೈಸ್ಟರ್ ತೆಗೆದುಬಿಟ್ಟರು. ಶಾಲೆಯ ಕಟ್ಟಡ ನೋಡಿಕೊಳ್ಳುವವರು ಅವರು. "ಬ್ರಾಂಡ್‌ಶುಟ್ಸ್" ಎಂದರು. ಬೆಂಕಿ ಸುರಕ್ಷತೆಯ ನಿಯಮ, ಕಾರಿಡಾರಿನಲ್ಲಿ ಮರ ಇರಕೂಡದು. ನಾನು ಮಂತ್ರಿ ಎಂದೆ. "ಮಂತ್ರಿಗಾದರೂ ಫಾರ್ಮ್ ತುಂಬಬೇಕು" ಎಂದರು. ಈಗ ಬಿಸ್ಕತ್ತಿನ ತಗಡಿನ ಡಬ್ಬಿ ನೇತಾಡುತ್ತಿದೆ, ಅನುಮತಿಯ ಚೀಟಿಯೂ ಅದರ ಪಕ್ಕದಲ್ಲಿದೆ. ದಿನಾ ಹನ್ನೊಂದೂ ಇಪ್ಪತ್ತಕ್ಕೆ ತೆರೆಯುತ್ತೇನೆ. ಮೊದಲ ವಾರ ಚೂಯಿಂಗ್‌ಗಮ್ಮಿನ ಕಾಗದ ಬಿದ್ದಿತ್ತು. ಈಗ ಪತ್ರಗಳು ಬೀಳುತ್ತಿವೆ.

ಅಜ್ಜಿ, ಈ ಮಂತ್ರಿಗಳ ಕಥೆ ನಾನು ಅಂದುಕೊಂಡ ಹಾಗಿಲ್ಲ. ಅವರಲ್ಲಿ ತುಂಬ ಜನ ಅಪ್ಪನಿಗಿಂತ ಚಿಕ್ಕವರು. ಇವರಿಗಿಂತ ಮುಂಚಿನ ಸಂಪುಟದಲ್ಲಿ ಏಳು ಜನ ಇದ್ದರು. ಬ್ರಿಟಿಷರ ಜೊತೆ ಮಾಡಿಕೊಂಡ ಒಪ್ಪಂದವನ್ನು ಒಪ್ಪಬೇಕೋ ಬೇಡವೋ ಎಂದು ಮತ ಹಾಕಿದಾಗ ನಾಲ್ಕು ಮೂರು ಆಯಿತು. ಒಟ್ಟಿಗೆ ಹೋರಾಡಿದವರು, ಒಟ್ಟಿಗೆ ಜೈಲಿನಲ್ಲಿದ್ದವರು ಎರಡಾದರು. ಅರ್ಧ ವರ್ಷದಲ್ಲಿ ತಮ್ಮತಮ್ಮಲ್ಲೇ ಯುದ್ಧ. ಸಂಪುಟದವರಿಗೆ ಮನೆಗೆ ಹೋಗಲೂ ಭಯ, ಆಫೀಸಿನಲ್ಲೇ ಇದ್ದುಬಿಟ್ಟರಂತೆ. ಅದನ್ನು ಹೇಳುವಾಗ ಫ್ರೌ ಬ್ರೆಸ್ಲಿನ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ಮುತ್ತಜ್ಜ ಒಂದು ಕಡೆ, ಆ ಮುತ್ತಜ್ಜನ ತಮ್ಮ ಇನ್ನೊಂದು ಕಡೆ ಇದ್ದರಂತೆ.

ಮೇ ತಿಂಗಳ ಕೊನೆಯ ಬುಧವಾರ ನನ್ನ ಇಲಾಖೆಯ ಸರದಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಅಂಚೆ ನೌಕರರೆಲ್ಲ ಮುಷ್ಕರ ಹೂಡಿದ್ದರು. ಸಂಬಳದ ಜೊತೆ ಬರುವ ಭತ್ಯೆ ಕಡಿಮೆ ಮಾಡಿದ್ದಕ್ಕೆ. ತಮಾಷೆ ಕೇಳು: ಆ ಖಾತೆಯ ನಿಜವಾದ ಮಂತ್ರಿ ಒಂದು ಕಾಲಕ್ಕೆ ತಾನೇ ಅಂಚೆ ಗುಮಾಸ್ತನಾಗಿದ್ದನಂತೆ. ನಮ್ಮಲ್ಲಿ ಮುಷ್ಕರದವರ ನಾಯಕಿ ಎಮಿನೆ. ಈಗಲೇ ಬೋರ್ಡು ಬರೆಯುತ್ತಿದ್ದಾಳೆ.

ನೀನು ಎಂದಾದರೂ ಮುಷ್ಕರ ಮಾಡಿದ್ದೆಯಾ? ಮತ್ತೆ, ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಏನು? ನೀನು ವಾಕ್ಯ ಮುಗಿಸಲೇ ಇಲ್ಲ.

ನಿನ್ನ
ಧೃತಿ


ಗದಗ
೫ ಏಪ್ರಿಲ್ ೨೦೨೫

ಚಿ. ಧೃತಿಗೆ,

ಬಿಸಿಲು ಶುರುವಾಗಿದೆ. ಮಹಡಿಯ ಮೇಲೆ ಹಪ್ಪಳ ಒಣಗಿಸಿದ್ದೇನೆ, ಕಾಗೆ ಕಾಯುವುದೇ ಕೆಲಸ. ಟೇಲರ್ ಅಂಗಡಿಯವರು ಎರಡನೆಯ ಮಷೀನು ತಂದಿದ್ದಾರೆ, ಅದರ ಸದ್ದು ನನ್ನ ಅಡುಗೆಮನೆಯವರೆಗೆ ಬರುತ್ತದೆ. ಮೊಣಕಾಲಿಗೆ ಹೊಸ ಎಣ್ಣೆ ಹಚ್ಚುತ್ತಿದ್ದೇನೆ, ವಾಸನೆ ಮಾತ್ರ ಜೋರಾಗಿದೆ. ನಿನ್ನ ಹೌಸ್‌ಮೈಸ್ಟರ್ ಸರಿಯಾದ ಮನುಷ್ಯ. ಅಂಥವರು ನಮ್ಮ ಇಲಾಖೆಯಲ್ಲಿ ಇರಬೇಕಿತ್ತು.

ಅಂಚೆಯ ಡಬ್ಬಿ ತೆರೆದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಡು. ಯಾರಾದರೂ ದೂರು ಕೊಟ್ಟರೆ ಉಪಯೋಗಕ್ಕೆ ಬರುತ್ತದೆ.

ಮುಷ್ಕರದ ಬಗ್ಗೆ ಕೇಳಿದ್ದೀಯೆ. ೨೦೦೦ನೇ ಇಸವಿಯ ಡಿಸೆಂಬರಿನಲ್ಲಿ ದೇಶದ ಅಂಚೆಯವರೆಲ್ಲ ಎರಡು ವಾರ ಕೆಲಸ ನಿಲ್ಲಿಸಿದ್ದರು. ನಾನೂ ಕೈ ಎತ್ತಿದ್ದೆ. ಒಂಬತ್ತನೆಯ ದಿನ ಬೆಳಿಗ್ಗೆ ವಿಧವಾ ವೇತನದ ಮನಿಯಾರ್ಡರಿಗೆ ಕಾದ ಮುದುಕಿಯರು ಮೆಟ್ಟಿಲ ಮುಂದೆ ನಿಂತಿದ್ದರು. ಅವರ ಮುಖ ನೋಡಲಾಗಲಿಲ್ಲ, ಆಫೀಸು ತೆರೆದೆ. ಅಷ್ಟೇ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಡಬ್ಬಿಯಲ್ಲಿ ರೊಟ್ಟಿ ಇರುತ್ತಿತ್ತು.

ಆಶೀರ್ವಾದಗಳೊಂದಿಗೆ,
ಬಾಯಿಅಜ್ಜಿ


ಬೊಬ್ಲಿಂಗೆನ್
೨೩ ಏಪ್ರಿಲ್ ೨೦೨೫

ಮಾನ್ಯ ಗೌರಕ್ಕನವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಾನು ಸುಶೀಲಾಬಾಯಿಯವರ ತಂಗಿಯ ಮೊಮ್ಮಗಳು, ಶುಭಾಳ ಮಗಳು ಧೃತಿ. ಜರ್ಮನಿಯಲ್ಲಿ ಓದುತ್ತಿದ್ದೇನೆ. ಶಾಲೆಯ ಒಂದು ಆಟದಲ್ಲಿ ನೂರು ವರ್ಷದ ಹಿಂದಿನ ಐರ್ಲೆಂಡಿನ ಅಂಚೆ ಮಂತ್ರಿಯಾಗಿದ್ದೇನೆ. ಆಟ ಅಂದರೂ ಮಾರ್ಕ್ಸ್ ಇದೆ.

ಅಪ್ಪ ಶ್ವೀಬರ್ಡಿಂಗೆನ್ ಊರಿನ ಕೆಲಸದಿಂದ ಬರುವುದನ್ನು ಕಾಯುತ್ತಾ ಅಡುಗೆಮನೆಯಲ್ಲಿ ಕೂತಿದ್ದಾಗ ಅಮ್ಮನಿಗೆ ನಿಮ್ಮ ಹೆಸರು ಹೇಳಿದೆ. ಅಮ್ಮ ಚಾಕು ಕೆಳಗಿಟ್ಟಳು. "ಗೌರಕ್ಕನ? ನಾ ಸಣ್ಣಾಕಿ ಇದ್ದಾಗ ಆಕಿ ಸೈಕಲ್ ಹಿಂದ ಕೂತು ಬೆಟಗೇರಿತನಾ ಹೋಗ್ತಿದ್ದೆ. ಆಮ್ಯಾಲೆ ಏನೋ ಆತು. ಸುಶೀಲಾಬಾಯಿ ಮುಂದ ಆಕಿ ಹೆಸರು ತಗೀಬಾರದು ಅಂತಾತು" ಎಂದಳು. ಏನಾಯಿತು ಎಂದು ಅವಳಿಗೂ ಗೊತ್ತಿಲ್ಲ.

ಮೇ ೨೮ಕ್ಕೆ ನನ್ನ ಇಲಾಖೆಯ ನೌಕರರು ಮುಷ್ಕರ ಮಾಡುತ್ತಾರೆ. ಸರ್ಕಾರದ ಕೆಲಸದಲ್ಲಿರುವವರಿಗೆ ಮುಷ್ಕರದ ಹಕ್ಕೇ ಇಲ್ಲ ಎಂದು ನಮ್ಮ ಸಂಪುಟ ಹೇಳಲಿದೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಆದರೆ ಸಂಪುಟ ಒಮ್ಮೆ ತೀರ್ಮಾನಿಸಿದರೆ ಎಲ್ಲರೂ ಒಂದೇ ಮಾತು ಆಡಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು ಎಂಬ ನಿಯಮವಿದೆ. ಮುಷ್ಕರದ ನಾಯಕಿ ನನ್ನ ಸ್ನೇಹಿತೆ. ನೀವು ಮುಷ್ಕರ ಮಾಡಿದವರು. ನಾನು ಏನು ಮಾಡಲಿ?

ನಿಮ್ಮ ಮನೆಯ ವಿಳಾಸ ನಮಗೆ ಗೊತ್ತಿಲ್ಲ. ‘ಗೌರಕ್ಕ, ನಿವೃತ್ತ ಅಂಚೆ ಗುಮಾಸ್ತರು, ಬೆಟಗೇರಿ’ ಎಂದು ಬರೆದಿದ್ದೇನೆ. ನನ್ನ ಇಲಾಖೆಯ ಮೇಲೆ ನನಗೆ ನಂಬಿಕೆಯಿದೆ.

ವಿನಯದಿಂದ,
ಧೃತಿ
ಅಂಚೆ ಮಂತ್ರಿ


ಬೆಟಗೇರಿ
೧೧ ಮೇ ೨೦೨೫

ಧೃತಿ ಎಂಬ ಮಗುವಿಗೆ,

ನಿನ್ನ ಪತ್ರ ಬಂತು. ಅಂಚೆಯವ ಕೊಟ್ಟು ಹೋಗಲಿಲ್ಲ, ಕಟ್ಟೆಯ ಮೇಲೆ ಕೂತುಬಿಟ್ಟ. "ಜರ್ಮನಿ ಮಂತ್ರಿ ಬರ್ದಾರ ಅಂತ ಅದ. ಒಡದು ಓದ್ರಿ ಅಕ್ಕಾರ, ನಾನೂ ಕೇಳ್ತೀನಿ" ಅಂದ. ಚಹಾ ಕುಡಿಸಿ ಕಳಿಸಿದೆ, ಓದಿ ಹೇಳಲಿಲ್ಲ. ಮೂರು ದಿನದಿಂದ ಮುಖ ಊದಿಸಿಕೊಂಡಿದ್ದಾನೆ.

ನಾನು ಸಂಘದ ಕಾರ್ಯದರ್ಶಿ ಇದ್ದೆ. ಒಂಬತ್ತನೆಯ ದಿನ ಸುತ್ತಲಿನ ಆಫೀಸಿನವರೂ ಸೇರಿ ನಾವು ಹನ್ನೊಂದು ಜನ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆವು. ಸುಶೀಲಾ ಹತ್ತು ಗಂಟೆಗೆ ಬಂದಳು. ಎಂಟು ದಿನ ನನ್ನ ಪಕ್ಕದಲ್ಲೇ ಕೂತವಳು, ಅವತ್ತು ಬೀಗದ ಕೈ ಹಿಡಿದು ಬಂದಳು. ಮುದುಕಿಯರು ಇದ್ದದ್ದು ನಿಜ, ಆರು ಜನ. ಅವರನ್ನು ನೆರಳಿಗೆ ಕೂಡಿಸಿದವಳೇ ನಾನು. ಮುಷ್ಕರ ಮುಗಿದ ಮೇಲೆ ನನ್ನನ್ನು ರೋಣಕ್ಕೆ ವರ್ಗ ಮಾಡಿದರು. ಹದಿಮೂರು ತಿಂಗಳು ಬಸ್ಸಿನಲ್ಲಿ ಓಡಾಡಿದೆ. ಅದಕ್ಕೂ ನನಗೆ ಅವಳ ಮೇಲೆ ಸಿಟ್ಟಿಲ್ಲ, ವರ್ಗ ಮಾಡಿದವರು ಬೇರೆ.

ಬಾಗಿಲು ತೆರೆದದ್ದಕ್ಕೂ ಸಿಟ್ಟಿಲ್ಲ. ನನ್ನನ್ನು ದಾಟಿ ಒಳಗೆ ಹೋಗುವಾಗ ನೆಲ ನೋಡಿಕೊಂಡು ಹೋದಳು. ಸಿಟ್ಟು ಅದಕ್ಕೆ. "ಗೌರಾ, ನಾ ತಗೀತೀನಿ, ನೀ ಏನರೆ ಅನ್ನು" ಅಂದಿದ್ದರೆ ಬಾಯಿತುಂಬ ಬೈಯುತ್ತಿದ್ದೆ, ಸಂಜೆಗೆ ಮರೆಯುತ್ತಿದ್ದೆ. ಮುಂದೆ ಸಂತೆಯಲ್ಲಿ ಸಿಕ್ಕರೆ ಅವಳು ಆ ಕಡೆ ತಿರುಗುವಳು, ನಾನು ಈ ಕಡೆ. ಹೀಗೇ ಇಪ್ಪತ್ತೈದು ವರ್ಷವಾಯಿತು.

ನೀನು ಮುಷ್ಕರದವರ ಕಡೆ ಮತ ಹಾಕು. ಸೋತರೆ ರಾಜೀನಾಮೆ ಕೊಡು ಎಂದು ನಾನು ಹೇಳುವುದಿಲ್ಲ. ಎದ್ದು ಹೋಗುವುದು ಸುಲಭ, ನಾನೂ ಸಂಘದಿಂದ ಎರಡು ಸಲ ಎದ್ದು ಹೋಗಿದ್ದೇನೆ. ಹೇಳಬಾರದ ಮಾತು ಹೇಳಲೇಬೇಕಾದರೆ ನೀನೇ ಹೊರಗೆ ಹೋಗಿ, ಆ ಹುಡುಗಿಯ ಮುಖ ನೋಡಿ ಹೇಳು. ಅವಳು ಬೈದರೆ ಅಲ್ಲೇ ನಿಂತು ಬೈಸಿಕೋ.

ಸುಶೀಲಾಗೆ ಮೊಣಕಾಲು ನೋವೆಂದು ಯಾರೋ ಹೇಳಿದರು. ಈಗ ಹೇಗಿದೆ? ನಾನು ಕೇಳಿದೆನೆಂದು ತಿಳಿಸಬೇಡ.

ಗೌರಕ್ಕ


ಬೊಬ್ಲಿಂಗೆನ್
೧ ಜೂನ್ ೨೦೨೫

ಬಾಯಿಅಜ್ಜಿಗೆ,

ಮೊದಲು ಸಂಪುಟದ ಸುದ್ದಿ, ಆಮೇಲೆ ನನ್ನ ತಪ್ಪು.

ಬುಧವಾರ ಎಮಿನೆ ಮತ್ತು ಹದಿನಾಲ್ಕು ಜನ ರೂಮ್ ೨೧೪ರ ಮುಂದೆ ಕಾರಿಡಾರಿನಲ್ಲಿ ಸಾಲಾಗಿ ಕೂತರು. ನನ್ನ ಬಿಸ್ಕತ್ತಿನ ಡಬ್ಬಿಯ ಬಾಯಿಗೆ ಟೇಪ್ ಅಂಟಿಸಿದ್ದರು. ಒಳಗೆ ನಾವು ಒಂದು ಗಂಟೆ ಚರ್ಚೆ ಮಾಡಿದೆವು. ನಾನು ತಯಾರಾಗಿ ಹೋಗಿದ್ದೆ. ಕೃಷಿ ಮಂತ್ರಿ ಮಾತ್ರ ನನ್ನ ಕಡೆ ಬಂದಳು. ಏಳು ಎರಡು. ಮುಷ್ಕರದ ಹಕ್ಕಿಲ್ಲ, ಕೂಡಲೇ ಕೆಲಸಕ್ಕೆ ಬರಬೇಕು, ಇದು ಸಂಪುಟದ ಆಜ್ಞೆ.

ಯೋನಾಸ್ ಅದನ್ನು ಟೈಪ್ ಮಾಡಿ, "ಬಾಗಿಲಿಗೆ ಅಂಟಿಸಿದರೆ ಸಾಕು" ಎಂದ. ನಾನು ರಾಜೀನಾಮೆ ಪತ್ರವನ್ನೂ ಬರೆದುಕೊಂಡೇ ಹೋಗಿದ್ದೆ, ಜೇಬಿನಲ್ಲಿತ್ತು. ಕೊಡಲಿಲ್ಲ. ಆಜ್ಞೆಯ ಕಾಗದ ತೆಗೆದುಕೊಂಡು ಹೊರಗೆ ಹೋದೆ. ಎಮಿನೆಯ ಮುಂದೆ ನಿಂತು ಓದಿದೆ.

"ನೀನು ಇದನ್ನು ನಂಬುತ್ತೀಯಾ?" ಎಂದು ಎಮಿನೆ ಕೇಳಿದಳು.

"ಸಂಪುಟ ನಂಬುತ್ತದೆ" ಎಂದೆ.

"ನಾನು ಸಂಪುಟವನ್ನು ಕೇಳಲಿಲ್ಲ."

ಅವಳು ಬೈದಳು. ಜರ್ಮನ್ ಸಾಲದೆ ಟರ್ಕಿಷ್‌ನಲ್ಲೂ ಬೈದಳು. ಮಧ್ಯದಲ್ಲಿ ನಿಜವಾಗಿ ಬೈಯುತ್ತಿದ್ದಾಳೋ ಆಟಕ್ಕೋ ಎಂದು ನನಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ. ಆದರೂ ಒಳಗೆ ಓಡಿಹೋಗಲಿಲ್ಲ. ನೆಲದ ಮೇಲೆ ಅವಳ ಪಕ್ಕ ಕೂತು, "ನಾನು ವಾಪಸ್ ಒಳಗೆ ಹೋಗುತ್ತೇನೆ. ಏನು ಹೇಳಲಿ?" ಎಂದೆ. "ಕೆಲಸಕ್ಕೆ ವಾಪಸ್ ಬಂದವರ ಮೇಲೆ ಸೇಡು ತೀರಿಸಬಾರದು ಅಂತ ಹೇಳು. ಯಾರನ್ನೂ ತೆಗೆಯಬಾರದು, ದೂರ ಕಳಿಸಬಾರದು" ಎಂದಳು.

ಅದನ್ನು ಒಳಗೆ ಹೇಳಿದೆ. ಇಪ್ಪತ್ತು ನಿಮಿಷ ಜಗಳವಾಯಿತು. ಈ ಸಲ ಐದು ನಾಲ್ಕು, ನಾವು ಗೆದ್ದೆವು. ನಿಜವಾದ ಮುಷ್ಕರ ಮೂರು ವಾರ ನಡೆಯಿತಂತೆ, ಮಂತ್ರಿ ಜಗ್ಗಲೇ ಇಲ್ಲವಂತೆ. ಫ್ರೌ ಬ್ರೆಸ್ಲಿನ್ ನನ್ನನ್ನು ಹೊಗಳಲಿಲ್ಲ. ಮನೆಗೆ ಹೋಗುವಾಗ ಮಾತ್ರ, "ಅವತ್ತು ನಮ್ಮಲ್ಲಿ ಇನ್ನೊಂದಿಷ್ಟು ಜನ ಬಾಗಿಲು ತೆರೆದು ಹೊರಗೆ ಬಂದಿದ್ದರೆ" ಎಂದು ನಿಲ್ಲಿಸಿದರು. ಎಮಿನೆ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಳು. "ನೀನು ಕೆಟ್ಟ ಮಂತ್ರಿ" ಎಂದು ತನ್ನ ಬ್ರೆಟ್ಸೆಲ್ ಎಂಬ ಉಪ್ಪುರೊಟ್ಟಿ ಮುರಿದು ಅರ್ಧ ಕೊಟ್ಟಳು.

ಈಗ ತಪ್ಪು. ಹೊರಗೆ ಹೋಗು ಎಂದು ನನಗೆ ಹೇಳಿಕೊಟ್ಟವರು ಗೌರಕ್ಕ. ನಾನು ನಿನ್ನನ್ನು ಕೇಳದೆ ಅವರಿಗೆ ಪತ್ರ ಬರೆದಿದ್ದೆ. ಅವರ ಉತ್ತರದ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕೊನೆಯ ಸಾಲನ್ನು ತಿಳಿಸಬೇಡ ಎಂದಿದ್ದಾರೆ. ಆದರೆ ಅಂಚೆಯವರು ಪತ್ರವನ್ನು ಹರಿದು ಅರ್ಧ ಮುಟ್ಟಿಸುವಂತಿಲ್ಲವಲ್ಲ.

ನಿನ್ನ
ಧೃತಿ


ಗದಗ
೧೭ ಜೂನ್ ೨೦೨೫

ಧೃತಿಗೆ,

೧ನೇ ತಾರೀಖಿನ ಪತ್ರ ಮತ್ತು ಲಗತ್ತು ತಲುಪಿದವು. ಇನ್ನೊಬ್ಬರಿಗೆ ಸೇರಿದ ಲಕೋಟೆಯನ್ನು ಕೇಳದೆ ಒಡೆಯುವುದು ನಮ್ಮ ಇಲಾಖೆಯಲ್ಲಿ ಅಪರಾಧ.

ಕಾಗುಣಿತ ಈ ಸಲ ಸರಿಯಿದೆ.

ಸುಶೀಲಾಬಾಯಿ


ಬೊಬ್ಲಿಂಗೆನ್
೬ ಜುಲೈ ೨೦೨೫

ಬಾಯಿಅಜ್ಜಿಗೆ,

ನಿನ್ನ ಮೂರು ಸಾಲಿನ ಪತ್ರವನ್ನು ಮೂವತ್ತು ಸಲ ಓದಿದೆ. ಅಮ್ಮ ನಿನಗೆ ಫೋನ್ ಮಾಡುತ್ತೇನೆ ಎಂದಳು, ನಾನೇ ಬೇಡವೆಂದೆ. ಒಡೆದವಳು ನಾನು, 'ತಪ್ಪಾಯಿತು' ಎಂದು ಅಂಟಿಸುವವಳೂ ನಾನೇ ಆಗಬೇಕು.

ತಪ್ಪಾಯಿತು. ನಿನ್ನ ನೋವು ನನ್ನ ಹೋಮ್‌ವರ್ಕ್ ಅಲ್ಲ, ಅದು ನನಗೆ ಮೊದಲೇ ಹೊಳೆಯಬೇಕಿತ್ತು. ನೀನು ಗೌರಕ್ಕನವರಿಗೆ ಏನೂ ಹೇಳಬೇಕಾಗಿಲ್ಲ. ಅವರ ಹೆಸರನ್ನು ನಾನು ಇನ್ನು ಎತ್ತುವುದಿಲ್ಲ. ನನಗೆ ಮಾತ್ರ ಬರೆಯುವುದನ್ನು ನಿಲ್ಲಿಸಬೇಡ. ಸಂಪುಟ ಬರುವ ವಾರ ವಿಸರ್ಜನೆಯಾಗುತ್ತದೆ, ಆದ್ದರಿಂದ ಇದನ್ನು ಮಂತ್ರಿಯಾಗಿ ಕೇಳುತ್ತಿಲ್ಲ.

ಬೇರೆ ಸುದ್ದಿ: ಆಲೂಗಡ್ಡೆ ಮೂರು ಬುಟ್ಟಿ ಬಂತು. ರಕ್ಷಣಾ ಮಂತ್ರಿ ಆಟ ಆಡುವಾಗ ಕಾಲು ಉಳುಕಿಸಿಕೊಂಡಿದ್ದಾನೆ, ಈಗ ಅವನನ್ನೇ ಎಲ್ಲರೂ ರಕ್ಷಿಸುತ್ತಿದ್ದೇವೆ. ನನಗೆ ಒಂದನೇ ದರ್ಜೆ ಬಂತು.

ನಿನ್ನ
ಧೃತಿ


ಬೆಟಗೇರಿ
೨೫ ಜುಲೈ ೨೦೨೫

ನನ್ನ ಮುದ್ದು ಧೃತಿಗೆ,

ಮೇಲಿನ ಊರಿನ ಹೆಸರು ಕೈತಪ್ಪಿನಿಂದ ಬಿದ್ದದ್ದಲ್ಲ. ಐದು ದಿನದಿಂದ ಇಲ್ಲೇ ಇದ್ದೇನೆ. ನಿನ್ನ ಪತ್ರವನ್ನು ಟೇಲರ್ ಅಂಗಡಿಯವರು ಮೊನ್ನೆ ತಂದುಕೊಟ್ಟರು. ಬರೆಯುವುದನ್ನು ನಿಲ್ಲಿಸುವ ಮಾತು ಎಲ್ಲಿಂದ ಬಂತು? ಸಿಟ್ಟು ಬಂದಿತ್ತು ನಿಜ, ಆದರೆ ಅದು ನಿನ್ನ ಮೇಲಿನದ್ದಲ್ಲ ಎಂದು ಗೊತ್ತಾಗುವುದಕ್ಕೆ ಒಂದು ತಿಂಗಳು ಹಿಡಿಯಿತು.

ನಿನಗೆ ಏಪ್ರಿಲಿನಲ್ಲಿ ಬರೆದದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಂಟನೆಯ ದಿನ ಸಂಜೆ ಮೇಲಧಿಕಾರಿಯೊಬ್ಬರು ಪಕ್ಕದ ಮನೆಯ ಫೋನಿಗೆ ಕರೆ ಮಾಡಿದ್ದರು. ನಾಳೆ ಬೀಗ ತೆಗೆಯದಿದ್ದರೆ ಸೇವೆ ಮುರಿಯುತ್ತದೆ, ಪೆನ್ಶನ್ನು ಮರೆತುಬಿಡಿ ಎಂದರು. ನನಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅಂಜಿದೆ. ಬೆಳಿಗ್ಗೆ ಹೋದರೆ ಮುದುಕಿಯರು ನಿಂತಿದ್ದರು. ಅಂದಿನಿಂದ ಕೇಳಿದವರಿಗೆಲ್ಲ ಅವರನ್ನೇ ಮುಂದೆ ಮಾಡಿ ತೋರಿಸಿದೆ. ಪಾಪ, ಆರೂ ಜನ ಸತ್ತುಹೋಗಿದ್ದಾರೆ, ನಾನು ಮಾತ್ರ ಅವರನ್ನು ಆ ಮೆಟ್ಟಿಲ ಮುಂದಿನಿಂದ ಕಳಿಸಿರಲಿಲ್ಲ.

ಇಪ್ಪತ್ತನೆಯ ತಾರೀಖು ಆಟೋ ಹಿಡಿದು ಬಂದೆ. ಮನೆ ಅದೇ, ಬಾಗಿಲು ಮಾತ್ರ ಕಬ್ಬಿಣದ್ದು. ಗೌರಾ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಿ ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ.

"ಯಾರ್ ಬೇಕಾಗಿತ್ತು?" ಎಂದಳು.

"ನಾನು."

"ನಾನು ಅಂದ್ರ?"

"ಸುಶೀಲಾ."

"ಯಾವ ಸುಶೀಲಾ?"

"ಅಂಜಿ ಬಾಗಿಲಾ ತಗದಾಕಿ" ಎಂದೆ.

ಅವಳು ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದಳು. "ಒಳಗ ಬಾ. ಚಪ್ಪಲಿ ಒಳಗ ತೊಗೊಂಡ ಬಾ, ಇಲ್ಲೆ ಬಿಟ್ರ ನಾಯಿ ಒಯ್ತದ" ಎಂದಳು.

ಫೋನಿನ ವಿಷಯ ಹೇಳಿದೆ. "ನನಗೂ ಬಂದಿತ್ತು" ಎಂದಳು. ನನಗೆ ಅದು ಗೊತ್ತೇ ಇರಲಿಲ್ಲ.

"ನೀ ಅಂಜಲಿಲ್ಲ?"

"ಅಂಜದ ಏನ್ ಮಾಡ್ತೀನಿ. ಬಾಜೂಕ ನೀ ಕೂಡ್ತಿ ಅಂತ ಹೋಗಿ ಕೂತೆ."

ಅವಳು ಎದ್ದು ಚಹಾಕ್ಕೆ ಇಟ್ಟಳು. ಒಲೆಯ ಮುಂದೆ ನಿಂತು ಅತ್ತಳು, ಹೊಗೆ ಎಂದಳು. ಅದು ಗ್ಯಾಸ್ ಒಲೆ.

ಊಟ ಮಾಡಿ ಹೋಗು ಎಂದಳು, ಮಾಡಿದೆ. ನಾಳೆ ಹೋದರಾಯಿತು ಎಂದಳು. ಆ ನಾಳೆ ಇನ್ನೂ ಬಂದಿಲ್ಲ. ಅವಳು ರೇಡಿಯೋ ಗಟ್ಟಿಯಾಗಿ ಇಡುತ್ತಾಳೆ, ಚಹಾಕ್ಕೆ ಸಕ್ಕರೆ ಸುರಿಯುತ್ತಾಳೆ, ಮುಷ್ಕರದ ಬಗ್ಗೆ ದಿನಾ ಒಮ್ಮೆ ಜಗಳ ತೆಗೆಯುತ್ತಾಳೆ. ಎರಡೇ ದಿನ ತಡೆದಿದ್ದರೆ ಗೆಲ್ಲುತ್ತಿದ್ದೆವು ಎನ್ನುತ್ತಾಳೆ. ಇಲ್ಲ ಎನ್ನುತ್ತೇನೆ. ಇದರಲ್ಲಿ ನಾವು ಒಂದಾಗುವ ಲಕ್ಷಣ ಕಾಣುವುದಿಲ್ಲ.

ನಿನ್ನೆ ಅಂಚೆ ಪೆನ್ಶನರ ಸಂಘದ ತಿಂಗಳ ಸಭೆ ಇತ್ತು. ಇಷ್ಟು ವರ್ಷ ಅವಳು ಬಂದ ತಿಂಗಳು ನಾನು ಹೋಗುತ್ತಿರಲಿಲ್ಲ, ನಾನು ಹೋದ ತಿಂಗಳು ಅವಳು ಬರುತ್ತಿರಲಿಲ್ಲ. ನಿನ್ನೆ ಇಬ್ಬರೂ ಒಂದೇ ಆಟೋದಿಂದ ಇಳಿದೆವು. ಭಾಷಣ ಮಾಡುತ್ತಿದ್ದ ಅಧ್ಯಕ್ಷರು ಬಾಯಿ ತೆರೆದುಕೊಂಡೇ ನಿಂತರು. ನಲವತ್ತು ಮುದುಕರು ಕುರ್ಚಿಯಲ್ಲಿ ತಿರುಗಿದರು. "ಯಾಕ್ ನಿಲ್ಲಿಸಿದ್ರಿ? ಮುಂದುವರಿಸ್ರಿ" ಎಂದಳು ಗೌರಾ. ಅವರಿಗೆ ಎಲ್ಲಿ ನಿಲ್ಲಿಸಿದ್ದು ಎಂದೇ ನೆನಪಾಗಲಿಲ್ಲ.

ಈಗ ಅವಳು ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

ನಿನ್ನ
ಬಾಯಿಅಜ್ಜಿ

ಧೃತಿ, ನಾನು ಅತ್ತಿಲ್ಲ. ಅತ್ತವಳು ಅವಳು. ಸಂಘದ ಚುನಾವಣೆ ಮುಂದಿನ ತಿಂಗಳಿದೆ. ಅಧ್ಯಕ್ಷ ಸ್ಥಾನಕ್ಕೆ ಸುಶೀಲಾ ನಿಲ್ಲುತ್ತಾಳೆ, ಅವಳ ವಿರುದ್ಧ ನಾನು. ನನ್ನ ಕನ್ನಡಕ ಸಿಗಲಿಲ್ಲ, ಇಬ್ಬರ ಅರ್ಜಿಯನ್ನೂ ಅವಳೇ ತುಂಬಿದಳು.

ಗೌರಕ್ಕ